ಅರಮನೆ ಬಿದ್ದ ಮರುದಿನದ ಸುದ್ದಿ ಎಲ್ಲಿ? ಕನ್ನಡ ಸಂಪಾದಕರಿಗೆ ಗಡಿನಾಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕನ್ನಡ ದಿನಪತ್ರಿಕೆಗಳ ಹಾಗೂ ಸುದ್ದಿವಾಹಿನಿಗಳ ಸಂಪಾದಕರು

ವಿಷಯ: ಜನದಂಗೆಗಳ ಬಳಿಕ ನಡೆಯುವ ಸಂವಿಧಾನ ರಚನೆಯ ವರದಿಗಾರಿಕೆ ಕುರಿತು

ಮಾನ್ಯರೇ,

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ರಾಜ್ಯಶಾಸ್ತ್ರ ಮತ್ತು ಚರಿತ್ರೆ ಕಲಿಸುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪಠ್ಯಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಲೋಕ ಮುಂದಕ್ಕೆ ಹೋಗಿರುತ್ತದೆ. ಹಾಗಾಗಿ ತರಗತಿಯಲ್ಲಿ ನೆರೆದೇಶದ ರಾಜಕೀಯ ಹೇಳಬೇಕಾದರೆ ನಿಮ್ಮ ಪತ್ರಿಕೆಯನ್ನೇ ಕೈಗೆತ್ತಿಕೊಳ್ಳಬೇಕು. ನಮ್ಮ ದೂರು ಅಲ್ಲಿಂದಲೇ ಹುಟ್ಟಿದ್ದು.

2022ರ ಜುಲೈಯಲ್ಲಿ ಕೊಲಂಬೋದ ಅಧ್ಯಕ್ಷರ ಮನೆಯ ಈಜುಕೊಳದಲ್ಲಿ ಜನ ಈಜಿದ ಚಿತ್ರವನ್ನು ನೀವು ಮುಖಪುಟದಲ್ಲಿ ಕೊಟ್ಟಿರಿ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಢಾಕಾ ಬಿಟ್ಟು ಹೊರಟದ್ದನ್ನು ಗಂಟೆಗಂಟೆಗೂ ತೋರಿಸಿದಿರಿ. 2025ರ ಸೆಪ್ಟೆಂಬರ್ 9ರಂದು ಕಾಠ್ಮಂಡುವಿನ ಆಡಳಿತ ಕೇಂದ್ರ ಸಿಂಹದರಬಾರ್, ಸಂಸತ್ ಭವನ, ಸುಪ್ರೀಂ ಕೋರ್ಟ್ ಉರಿದದ್ದೂ ಎರಡು ದಿನ ಪರದೆಯ ಮೇಲಿತ್ತು. ಅದರ ಮುಂದಿನ ವಾರ ಆ ದೇಶಗಳು ನಿಮ್ಮ ವಿದೇಶ ಪುಟದ ಮೂಲೆಗೆ ಸರಿದವು, ಆಮೇಲೆ ಅಲ್ಲಿಂದಲೂ ಕಾಣೆಯಾದವು. ಬೆಂಕಿಗೆ ಆರು ಕಾಲಂ, ಹೊಸ ನಿಯಮ ಬರೆಯುವ ಕೆಲಸಕ್ಕೆ ಅರ್ಧ ಕಾಲಂ. ದಂಗೆಯಲ್ಲಿ ಸತ್ತವರು ಯಾತಕ್ಕಾಗಿ ಸತ್ತರೋ ಅದು ಸಿಕ್ಕಿತೋ ಇಲ್ಲವೋ ಎಂಬುದು ಮಾತ್ರ ಆ ಅರ್ಧ ಕಾಲಂನಲ್ಲೇ ತೀರ್ಮಾನವಾಗುವ ಸಂಗತಿ.

ಬರೆದ ಅರ್ಧ ಕಾಲಂನಲ್ಲೂ ಪದಗಳ ಗೊಂದಲ. ಹಂಗಾಮಿ ಸರಕಾರ, ಉಸ್ತುವಾರಿ ಸರಕಾರ, ಮಧ್ಯಂತರ ಸರಕಾರ ಎಂಬ ಮೂರನ್ನೂ ಒಂದೇ ವರದಿಯಲ್ಲಿ ಒಂದೇ ಅರ್ಥಕ್ಕೆ ಬಳಸುತ್ತೀರಿ. ಬಾಂಗ್ಲಾದೇಶದಲ್ಲಿ ಉಸ್ತುವಾರಿ ಸರಕಾರ ಅಂದರೆ 1996ರ 13ನೇ ತಿದ್ದುಪಡಿಯಿಂದ ಸಂವಿಧಾನಕ್ಕೇ ಸೇರಿದ ಒಂದು ನಿರ್ದಿಷ್ಟ ವ್ಯವಸ್ಥೆ. ಸಂಸತ್ತು ವಿಸರ್ಜನೆಯಾದ ಮೇಲೆ ಪಕ್ಷಾತೀತರು ಕೂತು 90 ದಿನದೊಳಗೆ ಚುನಾವಣೆ ನಡೆಸುವ ಏರ್ಪಾಟು ಅದು. 2011ರ 15ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಅಲ್ಲಿನ ವಿರೋಧ ಪಕ್ಷಗಳ ಒಂದು ದಶಕದ ಸಿಟ್ಟಿನ ಬೇರು ಇಲ್ಲಿದೆ. 2024ರಲ್ಲಿ ಮುಹಮ್ಮದ್ ಯೂನುಸ್ ನೇತೃತ್ವದಲ್ಲಿ ಬಂದದ್ದು ಆ ಜಾತಿಯದಲ್ಲ. ಅದಕ್ಕೆ ಸಂವಿಧಾನದಲ್ಲಿ ಹೆಸರೇ ಇರಲಿಲ್ಲ. ರಾಷ್ಟ್ರಪತಿ 106ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಸಲಹೆ ಕೇಳಿ ಪ್ರಮಾಣವಚನ ಬೋಧಿಸಿದರು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವನಿಗೆ ಜಗಳದ ತಲೆಬುಡ ಸಿಗುವುದಿಲ್ಲ. ಒಂದು ಪ್ರಶ್ನೆಯ ಮೇಲೆ ಜನರೇ ನೇರ ಮತ ಹಾಕುವ ಜನಮತಗಣನೆಯನ್ನು ಜನಗಣತಿ ಎಂದು ಬರೆದದ್ದನ್ನೂ ನಾವು ಓದಿದ್ದೇವೆ. ಅದನ್ನು ಅಚ್ಚಿನ ದೋಷ ಎಂದು ಬಿಟ್ಟುಬಿಡೋಣ.

ನೇಪಾಳ, ಢಾಕಾಗಳ ಸಂವಿಧಾನ ಕಟ್ಟಿಕೊಂಡು ಕುಂಬಳೆ, ಬದಿಯಡ್ಕದವರಿಗೆ ಏನಾಗಬೇಕು ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಬೇರೆ ಊರಿನವರಿಗೆ ಕೇಳಿ, ನಮಗೆ ಕೇಳಬೇಡಿ. 1956ರ ನವೆಂಬರ್ 1ರಂದು ಎರಡು ಸಂಗತಿಗಳು ಒಟ್ಟಿಗೆ ಜಾರಿಗೆ ಬಂದವು. ಒಂದು, ರಾಜ್ಯ ಪುನರ್ವಿಂಗಡಣೆ ಕಾಯ್ದೆ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಅದರಿಂದ ಕೇರಳಕ್ಕೆ ಹೋಯಿತು. ಇನ್ನೊಂದು, ಸಂವಿಧಾನದ 7ನೇ ತಿದ್ದುಪಡಿ. ಅದು 350ಎ ಮತ್ತು 350ಬಿ ವಿಧಿಗಳನ್ನು ತಂದಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ, ಮತ್ತು ಅವರ ರಕ್ಷಣೆಗಳ ಮೇಲೆ ಕಣ್ಣಿಡಲು ಒಬ್ಬ ವಿಶೇಷ ಅಧಿಕಾರಿ. ಗೆರೆ ಅಂದೇ ಕೆಲಸ ಶುರುಮಾಡಿತು. ವಿಧಿಗಳ ಹಿಂದೆ ನಾವು ಈಗಲೂ ಅರ್ಜಿ ಹಿಡಿದು ಓಡುತ್ತಿದ್ದೇವೆ, ಏಕೆಂದರೆ ಆ ಅಧಿಕಾರಿ ರಾಷ್ಟ್ರಪತಿಗೆ ವರದಿ ಕೊಡಬಹುದು, ಯಾರಿಗೂ ಆದೇಶ ಕೊಡಲಾರರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಆ ವರದಿಗೂ ಕೈಕಾಲು ಇರಲಿಲ್ಲ. ಒಂದು ವಿಧಿಗೆ ಹಲ್ಲಿದೆಯೇ, ಇಲ್ಲವೇ ಎಂದು ನೋಡುವ ಅಭ್ಯಾಸ ಈ ಊರಿಗೆ ಹೀಗೆ ಅಂಟಿದ್ದು. ಅದೇ ಕಣ್ಣಿನಿಂದ ನೋಡಿದಾಗ ದಂಗೆಗಳ ಬಳಿಕದ ವರದಿಗಳಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಮುಂದೆ ಹೇಳುತ್ತೇವೆ.

ಮೊದಲನೆಯದು, ದೊರೆ ಓಡಿಹೋದ ಸಂಜೆ ಅಧಿಕಾರ ಯಾವ ಕಾಗದದ ಮೇಲೆ ನಿಂತಿದೆ ಎಂಬ ಪ್ರಶ್ನೆ. ಶ್ರೀಲಂಕಾದಲ್ಲಿ ಹಳೆಯ ಸಂವಿಧಾನ ಹಾಗೆಯೇ ಇತ್ತು. ಗೋಟಬಯ ರಾಜಪಕ್ಸ ಜುಲೈ 14ರಂದು ರಾಜೀನಾಮೆ ಕೊಟ್ಟರು. ಉಳಿದ ಅವಧಿಗೆ ಅಧ್ಯಕ್ಷರನ್ನು ಸಂಸತ್ತೇ ಆರಿಸಬೇಕೆಂಬ ನಿಯಮದಂತೆ ಜುಲೈ 20ರಂದು ಮತದಾನವಾಯಿತು. ರನಿಲ್ ವಿಕ್ರಮಸಿಂಘೆ 134 ಮತ ಪಡೆದು ಗೆದ್ದರು. 225 ಸದಸ್ಯರ ಆ ಸಂಸತ್ತಿನಲ್ಲಿ ಅವರ ಪಕ್ಷಕ್ಕೆ ಇದ್ದದ್ದು ಒಂದೇ ಒಂದು ಸ್ಥಾನ! ಬೀದಿಯಲ್ಲಿದ್ದವರು ಬೇಡ ಎಂದ ಪಕ್ಷದ ಸಂಸದರೇ ಮುಂದಿನವರನ್ನು ಆರಿಸಿದರು. ಇದನ್ನು ಮೋಸ ಎನ್ನುವಂತಿಲ್ಲ, ನಿಯಮವೇ ಹಾಗಿತ್ತು. ನೇಪಾಳದಲ್ಲಿ ಇದರ ತದ್ವಿರುದ್ಧ ನಡೆಯಿತು. ಅಲ್ಲಿನ 2015ರ ಸಂವಿಧಾನದ 76ನೇ ವಿಧಿಯಂತೆ ಪ್ರಧಾನಿಯಾಗುವವರು ಪ್ರತಿನಿಧಿ ಸಭೆಯ ಸದಸ್ಯರಾಗಿರಬೇಕು. 132ನೇ ವಿಧಿ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳನ್ನು ಸರಕಾರಿ ಹುದ್ದೆಗಳಿಂದ ದೂರ ಇಡುತ್ತದೆ. ಆದರೂ 2025ರ ಸೆಪ್ಟೆಂಬರ್ 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಪ್ರಧಾನಿಯಾದರು, ಸಭೆ ವಿಸರ್ಜನೆಯಾಯಿತು, 2026ರ ಮಾರ್ಚ್ 5ಕ್ಕೆ ಚುನಾವಣೆ ನಿಗದಿಯಾಯಿತು. ಬೇರೆ ದಾರಿ ಇರಲಿಲ್ಲ ಎಂದು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ನಿಯಮದಲ್ಲಿ ನಿಂತು ಜನರ ಇಚ್ಛೆಯಿಂದ ದೂರವಾದ ಒಂದು ದೇಶ, ಜನರ ಇಚ್ಛೆಗೆ ಮಣಿದು ನಿಯಮದಿಂದ ಹೊರಬಂದ ಇನ್ನೊಂದು ದೇಶ ಎರಡೂ ನಮ್ಮ ಪಕ್ಕದಲ್ಲೇ ಮೂರು ವರ್ಷದ ಅಂತರದಲ್ಲಿ ಕಂಡವು. ಈ ಹೋಲಿಕೆ ಒಂದೇ ಒಂದು ಸಂಪಾದಕೀಯಕ್ಕಾದರೂ ವಸ್ತುವಾಗಬೇಕಿತ್ತು.

ಎರಡನೆಯದು, ಹೊಸ ಸಂವಿಧಾನ ಬರೆಯಲು ಯಾರು ಕೂರುತ್ತಾರೆ ಎಂಬುದು. ಇದು ಚುನಾವಣಾ ಪದ್ಧತಿಯ ಲೆಕ್ಕ. ಲೆಕ್ಕ ಅಂದ ಕೂಡಲೇ ನಿಮ್ಮ ಉಪಸಂಪಾದಕರು ಅದನ್ನು ಕತ್ತರಿಸುತ್ತಾರೆ ಎಂಬ ಗುಮಾನಿ ನಮಗಿದೆ. ಆದರೂ ಸ್ವಲ್ಪ ತಾಳ್ಮೆಯಿಂದ ನೋಡಿ. ಟ್ಯುನೀಷಿಯಾದಲ್ಲಿ 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಎಂಬ ಊರಿನ ಬೀದಿ ವ್ಯಾಪಾರಿ ಮೊಹಮ್ಮದ್ ಬೂಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡದ್ದರಿಂದ ಆರಂಭವಾದ ದಂಗೆ 2011ರ ಜನವರಿ 14ಕ್ಕೆ ಅಧ್ಯಕ್ಷ ಬೆನ್ ಅಲಿಯನ್ನು ಓಡಿಸಿತು. ಅದೇ ಅಕ್ಟೋಬರ್ 23ಕ್ಕೆ 217 ಸದಸ್ಯರ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಯಿತು. ಪದ್ಧತಿ ಅನುಪಾತೀಯ ಪ್ರಾತಿನಿಧ್ಯ. ಅದರಲ್ಲೂ ಚಿಕ್ಕ ಪಕ್ಷಗಳಿಗೆ ಅನುಕೂಲವಾದ ‘ಹೇರ್ ಕೋಟಾ’ ಎಂಬ ಬಗೆ.

ಕಾಲ್ಪನಿಕ ಉದಾಹರಣೆ ಕೊಡುತ್ತೇವೆ. ಒಂದು ಕ್ಷೇತ್ರಕ್ಕೆ 8 ಸ್ಥಾನ, ಚಲಾವಣೆಯಾದ ಮತ 80,000. ಭಾಗಿಸಿದರೆ ಒಂದು ಸ್ಥಾನದ ಬೆಲೆ 10,000 ಮತ. ದೊಡ್ಡ ಪಕ್ಷಕ್ಕೆ 38,000 ಬಂತು ಎನ್ನಿ. ಅದಕ್ಕೆ ನೇರವಾಗಿ 3 ಸ್ಥಾನ, ಕೈಯಲ್ಲಿ 8,000 ಶೇಷ. ಎರಡನೆಯದಕ್ಕೆ 14,000, ಅದಕ್ಕೆ 1 ಸ್ಥಾನ, 4,000 ಶೇಷ. ಉಳಿದ ಪಕ್ಷಗಳಿಗೆ ಕ್ರಮವಾಗಿ 9,000, 7,000, 6,000, 4,000, 2,000. ಇವರಾರಿಗೂ ಪೂರ್ತಿ ಬೆಲೆ ಕೊಡುವ ಶಕ್ತಿಯಿಲ್ಲ. ಈಗ 4 ಸ್ಥಾನ ಹಂಚಿ ಆಯಿತು, ಇನ್ನು 4 ಉಳಿದಿವೆ. ಅವು ಹೆಚ್ಚು ಶೇಷ ಇರುವವರಿಗೆ ಸಾಲಾಗಿ ಹೋಗುತ್ತವೆ: 9,000, 8,000, 7,000, 6,000. ಕೊನೆಗೆ ದೊಡ್ಡ ಪಕ್ಷಕ್ಕೆ 4, ಬೇರೆ ನಾಲ್ಕು ಪಕ್ಷಗಳಿಗೆ ಒಂದೊಂದು. 14,000 ಮತ ಬಂದವರಿಗೂ ಒಂದು, 6,000 ಬಂದವರಿಗೂ ಒಂದು! ಅನ್ಯಾಯ ಅನಿಸುತ್ತದೆ. ಆದರೆ ಕಾಯಂ ಸರಕಾರ ನಡೆಸಲು ಆರಿಸುವ ಸಭೆ ಬೇರೆ, ಎಲ್ಲರಿಗೂ ಅನ್ವಯವಾಗುವ ನಿಯಮ ಬರೆಯಲು ಒಮ್ಮೆ ಕೂರುವ ಸಭೆ ಬೇರೆ. ಎರಡನೆಯದರಲ್ಲಿ ದೊಡ್ಡವರು ಒಬ್ಬರೇ ಬರೆಯುವಂತಾಗಬಾರದು. ನಮ್ಮ ಲೋಕಸಭೆಯ ಪದ್ಧತಿಯಲ್ಲಿ ಇದೇ ಪ್ರದೇಶವನ್ನು 8 ಕ್ಷೇತ್ರ ಮಾಡಿ ಮತ ಎಲ್ಲೆಡೆ ಇದೇ ಪ್ರಮಾಣದಲ್ಲಿ ಬಿದ್ದಿದ್ದರೆ 38,000ದ ಪಕ್ಷ ಎಂಟನ್ನೂ ಬಾಚಿಕೊಳ್ಳುತ್ತಿತ್ತು. ಟ್ಯುನೀಷಿಯಾದಲ್ಲಿ ಶೇ. 37 ಮತ ಪಡೆದ ಇಸ್ಲಾಮಿ ಪಕ್ಷ ಎನ್ನಹ್ದಾಕ್ಕೆ 89 ಸ್ಥಾನವಷ್ಟೇ ಸಿಕ್ಕಿತು. ಎರಡು ಸೆಕ್ಯುಲರ್ ಪಕ್ಷಗಳ ಜತೆ ಕೂಡದೆ ಅದಕ್ಕೆ ಗತಿಯಿರಲಿಲ್ಲ. ಆ ಒಪ್ಪಂದಗಳ ಸಂವಿಧಾನವನ್ನು 2014ರ ಜನವರಿ 26ರಂದು 200 ಮಂದಿ ಒಪ್ಪಿದರು, 12 ಮಂದಿ ವಿರೋಧಿಸಿದರು, ನಾಲ್ವರು ತಟಸ್ಥರಾದರು. ಅಷ್ಟು ಹೊತ್ತಿಗೆ ಎರಡು ರಾಜಕೀಯ ಕೊಲೆಗಳೂ ನಡೆದಿದ್ದವು. ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ಮಾನವ ಹಕ್ಕು ಸಂಘ, ವಕೀಲರ ಸಂಘ ಸೇರಿ ಪಕ್ಷಗಳನ್ನು ಮೇಜಿಗೆ ಎಳೆದು ತಂದವು. 2015ರ ನೊಬೆಲ್ ಶಾಂತಿ ಪ್ರಶಸ್ತಿ ಹೋದದ್ದು ಈ ನಾಲ್ವರಿಗೆ.

ಚಿಲಿಯ ಕಥೆ ಇದಕ್ಕೆ ಕೊಕ್ಕೆ ಹಾಕುತ್ತದೆ. 2019ರ ಅಕ್ಟೋಬರ್‌ನಲ್ಲಿ ಸಾಂಟಿಯಾಗೋದ ಮೆಟ್ರೋ ದರ 30 ಪೆಸೊ ಏರಿದ್ದಕ್ಕೆ ಹೊತ್ತಿದ ಕಿಡಿ, ಸೇನಾ ಸರ್ವಾಧಿಕಾರಿ ಪಿನೊಚೆಟ್ ಕಾಲದ 1980ರ ಸಂವಿಧಾನವನ್ನೇ ಬದಲಿಸಬೇಕೆಂಬ ಬೇಡಿಕೆಯವರೆಗೆ ಹೋಯಿತು. 2020ರ ಅಕ್ಟೋಬರ್ 25ರಂದು ಶೇ. 78 ಮಂದಿ ಹೊಸ ಸಂವಿಧಾನ ಬೇಕೆಂದರು. 155 ಸದಸ್ಯರ ಸಭೆ, ಗಂಡು ಹೆಣ್ಣು ಸಮಪ್ರಮಾಣ, ಮೂಲನಿವಾಸಿಗಳಿಗೆ 17 ಮೀಸಲು ಸ್ಥಾನ. ಕಾಗದದ ಮೇಲೆ ಇದಕ್ಕಿಂತ ಚಂದದ ಸಭೆ ಇನ್ನೊಂದಿಲ್ಲ. ಪ್ರತಿ ವಿಧಿಗೂ ಮೂರನೇ ಎರಡು ಬಹುಮತ ಬೇಕೆಂಬ ನಿಯಮ ಎಲ್ಲರನ್ನೂ ಮಾತುಕತೆಗೆ ತರುತ್ತದೆ ಎಂದು ಲೆಕ್ಕ ಹಾಕಿದ್ದರು. ಆದರೆ ಬಲಪಂಥೀಯರಿಗೆ ಸಿಕ್ಕಿದ್ದು 37 ಸ್ಥಾನ. ತಡೆಯಲು ಬೇಕಾದ 52ರ ಹತ್ತಿರಕ್ಕೂ ಅವರು ಬರಲಿಲ್ಲ. ಅವರ ಜತೆ ಮಾತಾಡುವ ಅಗತ್ಯವೇ ಉಳಿದವರಿಗೆ ಇಲ್ಲವಾಯಿತು. 388 ವಿಧಿಗಳ ಕರಡು ಸಿದ್ಧವಾಯಿತು. 2022ರ ಸೆಪ್ಟೆಂಬರ್ 4ರಂದು ಶೇ. 62 ಮಂದಿ ಅದನ್ನು ತಿರಸ್ಕರಿಸಿದರು. ಇಲ್ಲೊಂದು ಸೂಕ್ಷ್ಮ ಇದೆ: ಸಭೆಗೆ ಸದಸ್ಯರನ್ನು ಆರಿಸುವಾಗ ಮತದಾನ ಐಚ್ಛಿಕವಾಗಿತ್ತು, ಬಂದವರು ಅರ್ಧಕ್ಕಿಂತ ಕಡಿಮೆ. ಕರಡಿನ ಮೇಲಿನ ಮತದಾನ ಕಡ್ಡಾಯವಾಗಿತ್ತು, ಶೇ. 85ರಷ್ಟು ಮಂದಿ ಬಂದರು. ಅಂದರೆ ಬರೆಯುವವರನ್ನು ಕಳುಹಿಸಿದ ಜನ ಬೇರೆ, ಬರೆದದ್ದಕ್ಕೆ ತೀರ್ಪು ಕೊಟ್ಟ ಜನ ಬೇರೆ. ಎರಡನೇ ಯತ್ನದಲ್ಲಿ ಬಲಪಂಥದ ಕೈ ಮೇಲಾಯಿತು. ಅವರೂ ತಮಗೆ ಬೇಕಾದ್ದನ್ನೇ ಬರೆದರು, 2023ರ ಡಿಸೆಂಬರ್ 17ರಂದು ಜನ ಅದನ್ನೂ ಬೇಡವೆಂದರು. ನಾಲ್ಕು ವರ್ಷ, ಎರಡು ಕರಡು, ಕೊನೆಗೆ ಉಳಿದದ್ದು ಪಿನೊಚೆಟ್ ಕಾಲದ್ದೇ, ಹಲವು ತಿದ್ದುಪಡಿಗಳ ತೇಪೆಯೊಂದಿಗೆ.

ಹೌದು ಅಥವಾ ಇಲ್ಲ ಎಂಬ ಮತದ ವಿಷಯ ಬಂದದ್ದರಿಂದ ಒಂದು ಮಾತು. ಬಾಂಗ್ಲಾದೇಶದ ಪಕ್ಷಗಳು 2025ರ ಅಕ್ಟೋಬರ್ 17ರಂದು ಸಹಿ ಹಾಕಿದ ಜುಲೈ ಸನದು ಎಂಬ ಒಪ್ಪಂದ ಪತ್ರದಲ್ಲಿ ಪ್ರಧಾನಿಗೆ ಹತ್ತು ವರ್ಷದ ಮಿತಿ, 100 ಸದಸ್ಯರ ಮೇಲ್ಮನೆ ಹೀಗೆ ಹತ್ತಾರು ಸುಧಾರಣೆಗಳಿವೆ. ನವೆಂಬರ್‌ನಲ್ಲಿ ರಾಷ್ಟ್ರಪತಿ ಹೊರಡಿಸಿದ ಆದೇಶ ಇವನ್ನೆಲ್ಲ ಕಟ್ಟಿ ಜನಮತಗಣನೆಗೆ ಒಂದೇ ಪ್ರಶ್ನೆ ಮಾಡಿತು. ಮೇಲ್ಮನೆ ಬೇಡ, ಪ್ರಧಾನಿಯ ಅವಧಿ ಮಿತಿ ಬೇಕು ಎನ್ನುವವನು ಆ ಚೀಟಿಯಲ್ಲಿ ಯಾವ ಕಡೆ ಗುರುತು ಹಾಕಬೇಕು? ನಿಮ್ಮ ವರದಿಗಾರರು ಕೇಳಬೇಕಾದ ಪ್ರಶ್ನೆ ಇಂಥದು.

ಮೂರನೆಯದು ಗಡಿಯಾರ. ನಮ್ಮ ಏತಡ್ಕದ ಹೊಳೆಯಲ್ಲಿ ಕಟ್ಟ, ಅಂದರೆ ನೀರು ತಡೆಯುವ ತಾತ್ಕಾಲಿಕ ಒಡ್ಡು, ಕಟ್ಟುವವರನ್ನು ಕೇಳಿ. ಮಳೆ ಜೋರಿರುವಾಗ ಕಟ್ಟಿದರೆ ಕೊಚ್ಚಿ ಹೋಗುತ್ತದೆ, ಹರಿವು ನಿಂತ ಮೇಲೆ ಕಟ್ಟಿದರೆ ತಡೆಯಲು ನೀರೇ ಇರುವುದಿಲ್ಲ. ಈಜಿಪ್ಟ್ ಮೊದಲನೆಯ ತಪ್ಪು ಮಾಡಿತು, ನೇಪಾಳ ಎರಡನೆಯದು. ಈಜಿಪ್ಟಿನ ಅಧ್ಯಕ್ಷ ಮುಬಾರಕ್ 2011ರ ಫೆಬ್ರವರಿ 11ರಂದು ಇಳಿದರು. ಮಾರ್ಚ್ 19ಕ್ಕೆ ಆಗಲೇ ಜನಮತಗಣನೆ. ಮತಕ್ಕಿಟ್ಟದ್ದು ಕೆಲವೇ ವಿಧಿಗಳ ತಿದ್ದುಪಡಿ, ಶೇ. 77 ಮಂದಿ ಒಪ್ಪಿದರು. ಹನ್ನೊಂದು ದಿನ ಕಳೆದು ಸೇನಾ ಮಂಡಳಿ 63 ವಿಧಿಗಳ ಸಾಂವಿಧಾನಿಕ ಘೋಷಣೆ ಹೊರಡಿಸಿತು, ಅದಕ್ಕೆ ಯಾರೂ ಮತ ಹಾಕಿರಲಿಲ್ಲ. ಸಂಸತ್ತು ಆರಿಸಿದ 100 ಮಂದಿಯ ರಚನಾ ಸಭೆಯನ್ನು ಕೋರ್ಟು 2012ರ ಏಪ್ರಿಲ್‌ನಲ್ಲಿ ರದ್ದುಮಾಡಿತು, ಜೂನ್‌ನಲ್ಲಿ ಸಂಸತ್ತೇ ಹೋಯಿತು. ಎರಡನೇ ಸಭೆಯೂ ರದ್ದಾದೀತೆಂಬ ಭಯಕ್ಕೆ ನವೆಂಬರ್ 29ರ ರಾತ್ರಿಯಿಂದ ಬೆಳಗಿನವರೆಗೆ ಕೂತು 230ಕ್ಕೂ ಹೆಚ್ಚು ವಿಧಿಗಳಿಗೆ ಒಂದೇ ಓಟದಲ್ಲಿ ಮತ ಹಾಕಿದರು. ಜನಮತಗಣನೆಗೆ ಬಂದವರು ಮೂರರಲ್ಲಿ ಒಬ್ಬರು. ಮುಂದಿನ ಜುಲೈ 3ಕ್ಕೆ ಸೇನೆ ಅಧ್ಯಕ್ಷ ಮೋರ್ಸಿಯನ್ನೂ ಸಂವಿಧಾನವನ್ನೂ ಒಟ್ಟಿಗೆ ಪಕ್ಕಕ್ಕಿಟ್ಟಿತು.

ನೇಪಾಳದಲ್ಲಿ 2006ರ ಏಪ್ರಿಲ್‌ನ 19 ದಿನಗಳ ಜನಾಂದೋಲನ ರಾಜನನ್ನು ಮಣಿಸಿತು. 2008ರಲ್ಲಿ 601 ಸದಸ್ಯರ ಸಂವಿಧಾನ ಸಭೆ ಬಂತು, ಎರಡು ವರ್ಷದ ಗಡುವು. ಗಡುವನ್ನು ನಾಲ್ಕು ಸಲ ಮುಂದೂಡಿದರು. ಇನ್ನು ಮುಂದೂಡುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. 2012ರ ಮೇ 28ರಂದು ಸಭೆ ಏನೂ ಬರೆಯದೆ ಮುಗಿಯಿತು. ಗಡುವು ತಪ್ಪಿದರೆ ಮುಂದೇನು ಎಂಬುದು ಮಧ್ಯಂತರ ಸಂವಿಧಾನದಲ್ಲಿ ಇರಲೇ ಇಲ್ಲ. ಕೊನೆಗೆ ಹಾಲಿ ಮುಖ್ಯ ನ್ಯಾಯಮೂರ್ತಿ ಖಿಲ್ ರಾಜ್ ರೆಗ್ಮಿಯವರನ್ನೇ ಸರಕಾರದ ಮುಖ್ಯಸ್ಥರನ್ನಾಗಿ ಕೂರಿಸಿ 2013ರಲ್ಲಿ ಎರಡನೇ ಸಭೆಗೆ ಚುನಾವಣೆ ಮಾಡಿಸಬೇಕಾಯಿತು. ಗಡುವು ಬರೆಯುವವರು ಗಡುವು ತಪ್ಪಿದಾಗಿನ ದಾರಿಯನ್ನೂ ಬರೆಯಬೇಕು ಎಂಬುದು ಎಷ್ಟು ಸಾಮಾನ್ಯ ಜ್ಞಾನ! ಬ್ಯಾಂಕಿನ ಸಾಲದ ಪತ್ರದಲ್ಲೂ ಅದು ಇರುತ್ತದೆ.

ನಾಲ್ಕನೆಯದು ಕಾವಲುಗಾರ. ನಮ್ಮ 350ಬಿಯ ಕಥೆ ಗೊತ್ತಿದ್ದವರಿಗೆ ಟ್ಯುನೀಷಿಯಾದ ಎರಡನೇ ಅಂಕ ನೋಡಿ ಆಶ್ಚರ್ಯವಾಗುವುದಿಲ್ಲ. ಅಷ್ಟು ಕಷ್ಟದಿಂದ ಬರೆದ 2014ರ ಸಂವಿಧಾನದಲ್ಲಿ 12 ನ್ಯಾಯಾಧೀಶರ ಸಾಂವಿಧಾನಿಕ ನ್ಯಾಯಾಲಯವಿತ್ತು. ನಾಲ್ವರನ್ನು ಸಂಸತ್ತು, ನಾಲ್ವರನ್ನು ನ್ಯಾಯಾಂಗ ಮಂಡಳಿ, ನಾಲ್ವರನ್ನು ಅಧ್ಯಕ್ಷರು ನೇಮಿಸಬೇಕು; ಸಂಸತ್ತಿನ ಚುನಾವಣೆಯಾದ ಒಂದು ವರ್ಷದೊಳಗೆ ಇದಾಗಬೇಕು. ಸಂಸತ್ತಿನ ಪಾಲಿನವರಿಗೆ ಬೇಕಾದದ್ದು ಮೂರನೇ ಎರಡು, ಅಂದರೆ 145 ಮತ. ಪಕ್ಷಗಳು ಪರಸ್ಪರರ ಹೆಸರಿಗೆ ಅಡ್ಡಗಾಲು ಹಾಕುತ್ತಲೇ ಹೋದವು, ವರ್ಷಗಟ್ಟಲೆ ಎಳೆದಾಡಿ ಒಬ್ಬರಿಗೆ ಮಾತ್ರ ಆ ಸಂಖ್ಯೆ ಸಿಕ್ಕಿತು. ನ್ಯಾಯಾಲಯ ಹುಟ್ಟಲೇ ಇಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ 80ನೇ ವಿಧಿಯ ತುರ್ತು ಅಧಿಕಾರ ಎತ್ತಿಕೊಂಡು ಸಂಸತ್ತನ್ನು ಸ್ತಬ್ಧಗೊಳಿಸಿದರು. ಅದೇ ವಿಧಿ ತುರ್ತಿನ ಕಾಲದಲ್ಲಿ ಸಂಸತ್ತು ನಡೆಯುತ್ತಲೇ ಇರಬೇಕೆನ್ನುತ್ತಿತ್ತು. 30 ದಿನದ ಬಳಿಕ ತುರ್ತು ಮುಂದುವರಿಯಬೇಕೇ ಎಂದು ಸಾಂವಿಧಾನಿಕ ನ್ಯಾಯಾಲಯವನ್ನು ಕೇಳಬಹುದು ಎಂದೂ ಇತ್ತು. ಕೇಳುವುದು ಯಾರನ್ನು? ಬಾಗಿಲಿಗೆ ಬೀಗ ಮಾಡಿಸಿದ್ದರು, ಕೀಲಿ ಕೈ ಮಾಡಿಸಿರಲಿಲ್ಲ. ಮರುವರ್ಷ ಅದೇ ದಿನ ನಡೆದ ಜನಮತಗಣನೆಗೆ ಶೇ. 30ರಷ್ಟು ಮಂದಿ ಬಂದರು, ಸಯೀದರ ಹೊಸ ಸಂವಿಧಾನ ಬಂತು. ಸುಡಾನ್‌ನಲ್ಲೂ ಹೀಗೆಯೇ: 2019ರ ಸಾಂವಿಧಾನಿಕ ದಾಖಲೆಯಂತೆ 90 ದಿನದೊಳಗೆ ಬರಬೇಕಿದ್ದ ಶಾಸನ ಮಂಡಳಿ ಬರಲೇ ಇಲ್ಲ, 2021ರ ಅಕ್ಟೋಬರ್‌ನಲ್ಲಿ ಸೇನಾಪತಿಗಳು ಅಧಿಕಾರ ಕಸಿದುಕೊಂಡಾಗ ಅವರಿಗೆ ಎದುರು ಹೇಳುವ ಸದನ ಒಂದೂ ಇರಲಿಲ್ಲ.

ದಕ್ಷಿಣ ಆಫ್ರಿಕಾ ಈ ಕೆಲಸವನ್ನು ತಿರುಗಾಮುರುಗಾ ಮಾಡಿತು. ಮೊದಲು ಮಧ್ಯಂತರ ಸಂವಿಧಾನ, ಅದರಲ್ಲಿ ಮೀರಲಾಗದ 34 ತತ್ವಗಳು, ಅವನ್ನು ಕಾಯಲು ಸಾಂವಿಧಾನಿಕ ನ್ಯಾಯಾಲಯ. ಅಂತಿಮ ಸಂವಿಧಾನ ಆಮೇಲೆ. 1996ರ ಸೆಪ್ಟೆಂಬರ್‌ನಲ್ಲಿ ಆ ನ್ಯಾಯಾಲಯ ಚುನಾಯಿತ ಸಭೆಯ ಕರಡನ್ನೇ ತತ್ವಗಳಿಗೆ ಹೊಂದುವುದಿಲ್ಲವೆಂದು ಹಿಂದಕ್ಕೆ ಕಳುಹಿಸಿತು. ತಿದ್ದಿ ತಂದ ಮೇಲೆ ಡಿಸೆಂಬರ್‌ನಲ್ಲಿ ಒಪ್ಪಿತು. ಮಂಡೇಲಾ ಅವರ ಪಕ್ಷಕ್ಕೆ ಬಹುಮತವಿದ್ದ ಸಭೆಗೂ ಇಲ್ಲ ಎಂದು ಹೇಳಬಲ್ಲ ನ್ಯಾಯಾಲಯ ಅದು.

ಇನ್ನು ನಮಗೆ ಎಲ್ಲಕ್ಕಿಂತ ಹತ್ತಿರದ್ದು, ಗೆರೆ ಮತ್ತು ಭಾಷೆ. 2015ರ ಏಪ್ರಿಲ್‌ನ ಭೂಕಂಪದ ಬಳಿಕ ನೇಪಾಳದ ದೊಡ್ಡ ಪಕ್ಷಗಳು ಜೂನ್‌ನಲ್ಲಿ 16 ಅಂಶಗಳ ಒಪ್ಪಂದ ಮಾಡಿ, ಏಳೆಂಟು ವರ್ಷದಿಂದ ಬಗೆಹರಿಯದ ಪ್ರಾಂತಗಳ ಗಡಿಯನ್ನು ಕೆಲವೇ ವಾರಗಳಲ್ಲಿ ಎಳೆದವು. ದಕ್ಷಿಣದ ಬಯಲುಸೀಮೆ ತರಾಯಿಯ ಝಾಪಾ, ಮೋರಂಗ್, ಸುನ್ಸರಿ, ಕೈಲಾಲಿ, ಕಂಚನಪುರ ಜಿಲ್ಲೆಗಳು ಗುಡ್ಡಗಾಡಿನ ಪ್ರಾಂತಗಳಿಗೆ ಸೇರಿದವು. ಆ ಬಯಲಿನ ಜನರಾದ ಮಧೇಶಿಗಳು, ಥಾರೂಗಳು ಬೀದಿಗಿಳಿದರು, 40ಕ್ಕೂ ಹೆಚ್ಚು ಮಂದಿ ಸತ್ತರು. ಸಭೆಯಲ್ಲಿ 507 ಮತ ಪರ, 25 ವಿರೋಧ. ಅಂಕಿ ನೋಡಿದರೆ ಭಾರೀ ಸಹಮತ! ಆದರೆ ಮಧೇಶಿ ಪಕ್ಷಗಳು ಮತಕ್ಕೇ ಬಂದಿರಲಿಲ್ಲ; ಆ 25 ಹಿಂದೂ ರಾಷ್ಟ್ರ ಬೇಕೆಂದ ಪಕ್ಷದವರದು. ನೊಂದವರು ಎಣಿಕೆಯಲ್ಲೇ ಇಲ್ಲ. ಆಗ ನೀವು ಬರೆದದ್ದು ಗಡಿ ದಿಗ್ಬಂಧನ ಮತ್ತು ಪೆಟ್ರೋಲ್ ಕೊರತೆ. ಗೆರೆಯ ಬಗ್ಗೆ ಬರೆಯಲಿಲ್ಲ. ನಮ್ಮವರಿಗೆ ಆ ಐದು ಜಿಲ್ಲೆಗಳ ಹೆಸರು ಕೇಳಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಶ್ರೀಲಂಕಾವನ್ನು ನೋಡಿ: ನಮ್ಮನ್ನು ವಿಂಗಡಿಸಿದ ಅದೇ 1956ರಲ್ಲಿ ಅಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿದ ‘ಸಿಂಹಳ ಮಾತ್ರ’ ಕಾಯ್ದೆ ಬಂತು. ಅಲ್ಪಸಂಖ್ಯಾತರಿಗೆ ರಕ್ಷಣೆಯಾಗಿದ್ದ ಹಳೆಯ ಸಂವಿಧಾನದ 29ನೇ ಕಲಮನ್ನು 1972ರ ಗಣರಾಜ್ಯ ಸಂವಿಧಾನ ಕೈಬಿಟ್ಟಿತು. ತಮಿಳೂ ಅಧಿಕೃತ ಭಾಷೆ ಎಂದು ಬರೆಯಲು 1987ರವರೆಗೆ ಕಾಯಬೇಕಾಯಿತು, ಅಷ್ಟರಲ್ಲಿ ಯುದ್ಧ ಹತ್ತಿತ್ತು. ಲಿಬಿಯಾದಲ್ಲಿ ಗಡಾಫಿ ಹೋದ ಮೇಲೆ 60 ಮಂದಿಯ ಕರಡು ಸಭೆಯಲ್ಲಿ ಅಮಾಜಿಗ್, ತುವಾರೆಗ್, ತೆಬು ಎಂಬ ಅಲ್ಪಸಂಖ್ಯಾತ ಜನರಿಗೆ ಎರಡೆರಡು ಸ್ಥಾನ ಇಟ್ಟರು. ಅಮಾಜಿಗರು ಬಹಿಷ್ಕರಿಸಿದರು. ಅವರ ವಾದ ಇಷ್ಟೇ: 60ರಲ್ಲಿ ಇಬ್ಬರು ಕೂತು ನಮ್ಮ ಭಾಷೆಯ ಮೇಲೆ ಕೈ ಎತ್ತಿದರೆ ಸೋಲುವುದು ಖಂಡಿತ, ಭಾಷೆಯ ವಿಷಯಕ್ಕೆ ನಮ್ಮ ಒಪ್ಪಿಗೆಯನ್ನೇ ಷರತ್ತು ಮಾಡಿ. ಸ್ಥಾನ ಕೊಡುವುದಕ್ಕೂ ತಡೆಯುವ ಹಕ್ಕು ಕೊಡುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಲು ಐದು ನಿಮಿಷ ಸಾಕು.

ಇಂಥದ್ದನ್ನೆಲ್ಲ ಯಾರು ಓದುತ್ತಾರೆ ಎಂಬ ಉತ್ತರ ನಿಮ್ಮ ನಾಲಗೆಯ ತುದಿಯಲ್ಲಿದೆ ಎಂದು ಗೊತ್ತು. ನಮ್ಮ ದೇಶದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು, ಕಾಸರಗೋಡೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರೇ, ಸದಸ್ಯರ ಕೈಗೆ ಬೇರೆ ಬೇರೆ ದೇಶಗಳ ಸಂವಿಧಾನಗಳ ಪೂರ್ವನಿದರ್ಶನಗಳನ್ನು ಸಂಪುಟ ಮಾಡಿ ಕೊಟ್ಟರು. 1947ರ ಅಕ್ಟೋಬರ್‌ಗೆ 243 ವಿಧಿಗಳ ಕರಡು ಕೊಟ್ಟು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಬರ್ಮಾದ ಸಂವಿಧಾನಕ್ಕೂ ನೆರವಾದರು. ಹೊರದೇಶದ ಸಂವಿಧಾನ ನಮಗೆ ಹೊರಗಿನ ವಿಷಯ ಎಂದು ಅವರು ಭಾವಿಸಿದ್ದರೆ ನಮ್ಮದು ಬೇರೆಯೇ ರೂಪದಲ್ಲಿ ಇರುತ್ತಿತ್ತು. ಇನ್ನೊಂದು ಕಾರಣವೂ ಇದೆ. ನೇಪಾಳದ ಬೆಂಕಿ ಕಂಡ ವಾರ, ನಮ್ಮಲ್ಲೂ ಹೀಗೆಯೇ ಆಗಬೇಕು ಎಂದು ಹೇಳುವ ಹುಡುಗರು ಪ್ರತಿ ತರಗತಿಯಲ್ಲೂ ಇದ್ದರು. ಅವರ ಸಿಟ್ಟು ಸುಳ್ಳಲ್ಲ. ಆದರೆ ಅವರು ನೋಡಿದ್ದು ನೀವು ತೋರಿಸಿದ್ದನ್ನು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು. ಯಾವುದೇ ದೇಶದಲ್ಲಿ ಸರಕಾರ ದಂಗೆಯಿಂದ ಬಿದ್ದ ವಾರದೊಳಗೆ, ಹೊಸ ಆಡಳಿತ ಯಾವ ವಿಧಿಯ ಅಥವಾ ಯಾವ ಆದೇಶದ ಬಲದಲ್ಲಿ ಕೂತಿದೆ, ಎಷ್ಟು ದಿನಕ್ಕೆ, ಗಡುವು ತಪ್ಪಿದರೆ ಏನು ಎಂಬುದನ್ನು ಒಂದು ಪಟ್ಟಿಯಾಗಿ ಪ್ರಕಟಿಸಿ. ಸಂವಿಧಾನ ಸಭೆಯೋ ಸುಧಾರಣಾ ಆಯೋಗವೋ ಬಂದಾಗ ಅಧ್ಯಕ್ಷರ ಹೆಸರು, ಭಾವಚಿತ್ರದ ಜತೆಗೆ ಸದಸ್ಯರನ್ನು ಆರಿಸಿದ ಬಗೆ ಮತ್ತು ಒಂದು ವಿಧಿ ಪಾಸಾಗಲು ಬೇಕಾದ ಮತ, ಈ ಎರಡನ್ನು ಬಿಡದೆ ಕೊಡಿ. ಮತದ ಅಂಕಿ ಕೊಡುವಾಗ ಗೈರುಹಾಜರಾದವರು ಯಾರು ಎಂಬುದೂ ಅಂಕಿಯ ಭಾಗವೇ. ಹಂಗಾಮಿ, ಉಸ್ತುವಾರಿ, ಮಧ್ಯಂತರ ಎಂಬ ಪದಗಳಿಗೆ ನಿಮ್ಮ ನಿಮ್ಮ ಕಚೇರಿಯಲ್ಲಿ ಒಂದು ಕೈಪಿಡಿ ಮಾಡಿ, ಎಲ್ಲ ಆವೃತ್ತಿಗಳಿಗೂ ಅದೇ ಇರಲಿ. ಇಂಥ ಕೆಲಸ ಎರಡರಿಂದ ಏಳೆಂಟು ವರ್ಷ ಹಿಡಿಯುತ್ತದೆ. ತಿಂಗಳಿಗೆ ಒಂದು ಬರಹದಂತೆ ಬೆನ್ನು ಹತ್ತಿ. ಗಡಿ ಜಿಲ್ಲೆಗಳ ಆವೃತ್ತಿಯಲ್ಲಿ, ಅದು ಕಾಸರಗೋಡಿರಲಿ, ಸೊಲ್ಲಾಪುರ, ಅಕ್ಕಲಕೋಟೆಯಿರಲಿ, ಹೊಸೂರಿರಲಿ, ಆ ದೇಶಗಳ ಭಾಷಾ ವಿಧಿಗಳ ಪೂರ್ಣಪಾಠವನ್ನು ಕನ್ನಡದಲ್ಲಿ ಅಚ್ಚು ಮಾಡಿ, ಪಕ್ಕದಲ್ಲಿ ನಮ್ಮ 347 (ರಾಜ್ಯದ ಒಂದು ಭಾಗದ ಜನರ ಭಾಷೆಗೆ ಅಧಿಕೃತ ಮಾನ್ಯತೆ ಕುರಿತ ವಿಧಿ), 350ಎ, 350ಬಿಗಳನ್ನಿಡಿ.

ನೇಪಾಳದ ಸಂವಿಧಾನದ 7ನೇ ವಿಧಿಯಿಂದ ಶುರುಮಾಡಬಹುದು. ಮೂರೇ ಉಪವಿಧಿಗಳಿವೆ. ಎರಡನೆಯದು, ಪ್ರಾಂತದಲ್ಲಿ ಬಹುಸಂಖ್ಯಾತರು ಆಡುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ನೇಪಾಳಿಯ ಜತೆಗೆ ಆಡಳಿತ ಭಾಷೆಯಾಗಿ ಪ್ರಾಂತವೇ ಕಾನೂನು ಮಾಡಿ ಆರಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಆ ಪದದ ಮೇಲೆ ಒಂದು ಗೆರೆ ಎಳೆದು ಪ್ರಕಟಿಸಿ. ಕನ್ನಡದಲ್ಲಿ ಹತ್ತು ಸಾಲು ದಾಟದು. ಅನುವಾದ ಬೇಕಾದರೆ ನಾವು ಮಾಡಿಕೊಡುತ್ತೇವೆ, ಸಂಭಾವನೆ ಬೇಡ.

ಇತಿ ತಮ್ಮ ಓದುಗರು,
ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಅಧ್ಯಾಪಕರು
ಕಾಸರಗೋಡು